ಹೆಣ್ಣುಮಕ್ಕಳೂ ಪತ್ರಿಕಾವಿದ್ಯೆಯ ಉಚ್ಚ ವ್ಯಾಸಂಗವೂ

ಹೈಸ್ಕೂಲಿನ ಕಡೆಯ ಪರೀಕ್ಷೆಗೆ ಕುಳಿತ ವಿದ್ಯಾರ್ಥಿನಿಯನ್ನು ಮುಂದೇನು ಓದುವೆಯೆಂದು ಕೇಳಿದರೆ, ಉಪಾಧ್ಯಾಯಿನಿಯಾಗುವೆನೆಂದೋ, ದಾದಿಯಾಗುವೆನೆಂದೋ, ವೈದ್ಯಳಾಗುವೆನೆಂದೋ ಉತ್ತರ ಬರುವುದು ವಾಡಿಕೆ. ಈಚೆಗೆ ಕಂಪ್ಯೂಟರ್ ವಿದ್ಯೆಯ ಹೆಸರೂ ಕೇಳಿಬರುವುದು. ವೃತ್ತಪತ್ರಿಕೆಯ ಕೆಲಸವನ್ನು ಕಲಿಯುವೆನೆಂದು ಹೇಳುವವಳು ಬಲು ಅಪರೂಪ. ಹಾಗೆ ಹೇಳಿದಳೆಂದರೆ ಮನೆಯ ಹಿರಿಯರು, ಪತ್ರಿಕೆಗೆ ಬರೆಯಲು ಪದವಿಯೇಕೆ, ಅಕ್ಷರ ಬಲ್ಲವರೆಲ್ಲರೂ ಬರೆಯಲಾರರೇ ಎಂದು ಕೇಳುವರು. ಈ ಪ್ರಶ್ನೆಯು ನ್ಯಾಯವಾದುದೇ. ಇದಕ್ಕೆ ಲಂಡನ್ನು ನ್ಯೂಯಾರ್ಕುಗಳ ಉದಾಹರಣೆಗಳನ್ನು ಕೊಟ್ಟು ಸಮಾಧಾನ ಹೇಳುವುದಕ್ಕಿಂತ, ನಮ್ಮ ಚಿತ್ರದುರ್ಗದ ಸೀಮೆಯ ನೆಲದ ಮೇಲೆಯೇ ನಿಂತು ಉತ್ತರವನ್ನು ಹುಡುಕುವುದು ಲೇಸು.

ಮೊದಲು ಹೆಸರಿನ ವಿಚಾರ. ಅಮೆರಿಕಾ ದೇಶದ ವಾಷಿಂಗ್ಟನ್ ನಗರದಲ್ಲಿರುವ ಅಮೆರಿಕನ್ ವಿಶ್ವವಿದ್ಯಾನಿಲಯವು 'ಪತ್ರಿಕೋದ್ಯಮ ಮತ್ತು ಸಾರ್ವಜನಿಕ ವಿಚಾರ' ಎಂದು ಎರಡು ಹೆಸರುಗಳನ್ನೂ ಜೋಡಿಸಿ ಒಂದು ಎಂ. ಎ. ಪದವಿಯನ್ನು ಏರ್ಪಡಿಸಿತು. ಸುದ್ದಿಯನ್ನು ಸಂಗ್ರಹಿಸಿ, ಅದರ ಸತ್ಯಾಸತ್ಯತೆಯನ್ನು ವಿಚಾರಿಸಿ, ಕ್ರಮಗೊಳಿಸಿ, ಕಾಲಕ್ಕೆ ಸರಿಯಾಗಿ ಜನರಿಗೆ ಮುಟ್ಟಿಸುವ ವಿದ್ಯೆಯೇ ಪತ್ರಿಕೋದ್ಯಮ. ತೆರಿಗೆ, ಕಾನೂನು, ನೀರು, ರಸ್ತೆ, ಆಸ್ಪತ್ರೆ, ಶಾಲೆ, ಪಂಚಾಯಿತಿ, ಶಾಸನಸಭೆ ಮೊದಲಾದ ಎಲ್ಲರಿಗೂ ಸೇರಿದ ವ್ಯವಹಾರವೇ ಸಾರ್ವಜನಿಕ ವಿಚಾರ. ಮೊದಲನೆಯದು ಕೈಚಳಕವಾದರೆ ಎರಡನೆಯದು ಸರಕು. ಈ ಎರಡನ್ನೂ ಜತೆಗೂಡಿಸುವ ಆಲೋಚನೆಗಾಗಿ ನಾವು ಸಮುದ್ರವನ್ನು ದಾಟಬೇಕಾದುದೇನೂ ಇಲ್ಲ. ೧೯೧೩ರಲ್ಲಿ 'ಕರ್ಣಾಟಕ' ಪತ್ರಿಕೆಯನ್ನು ಹೊರಡಿಸಿದ ಡಿ. ವಿ. ಗುಂಡಪ್ಪನವರೇ ೧೯೪೫ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೇ ದಾಟಲಿಲ್ಲವಲ್ಲಾ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಆದರೆ ಅವರು ರಾಜ್ಯಶಾಸ್ತ್ರವನ್ನೂ ಸರ್ಕಾರದ ವರದಿಗಳನ್ನೂ ತಾವೇ ಓದಿ ಕಲಿತರು. ಅಂತಹ ಸ್ವಾಧ್ಯಾಯವು ಎಲ್ಲರಿಗೂ ಸಾಧ್ಯವಾಗುವುದಿಲ್ಲವೆಂದೇ ಕಾಲೇಜುಗಳು ಹುಟ್ಟಿರುವುದು.

ಕನ್ನಡದಲ್ಲಿ ಸಮಾಚಾರ ಪತ್ರಿಕೆಯು ಈ ವಿದ್ಯೆಯ ಕಾಲೇಜುಗಳಿಗಿಂತ ಬಹಳ ಹಳೆಯದು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಪಾದ್ರಿಗಳು ೧೮೪೩ರ ಜುಲೈ ೧ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಮರುವರ್ಷ ಅದು ನಮ್ಮ ನೆರೆಯ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ'ವೆಂಬ ಹೆಸರನ್ನು ತಾಳಿತು. ಪತ್ರಿಕಾವಿದ್ಯೆಯನ್ನು ಕಲಿಸುವ ಶಾಲೆಯಾದರೋ ಅಮೆರಿಕಾದ ಮಿಸೌರಿಯಲ್ಲಿ ೧೯೦೮ರಲ್ಲಿ ಪ್ರಾರಂಭವಾಯಿತು. ಭಾರತದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯವು ೧೯೪೧ರಲ್ಲಿ ಈ ವಿದ್ಯೆಯನ್ನು ಕಲಿಸತೊಡಗಿತು. ಮಿಸೌರಿಯಲ್ಲಿ ವ್ಯಾಸಂಗ ಮಾಡಿ ಬಂದ ನಾಡಿಗ ಕೃಷ್ಣಮೂರ್ತಿಗಳು ೧೯೫೧ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇದನ್ನು ಪದವಿ ತರಗತಿಯ ಪಾಠವಾಗಿ ತೊಡಗಿಸಿದರು. ಎಂ. ಎ. ಮಟ್ಟದ ವ್ಯಾಸಂಗವು ನಮ್ಮ ನಾಡಿನಲ್ಲಿ ಬಂದುದು ಆ ಬಳಿಕ.

ಇಷ್ಟು ಚರಿತ್ರೆ ಸಾಕು. ಈ ವ್ಯಾಸಂಗದಿಂದ ಆಗುವ ಪ್ರಯೋಜನವನ್ನು ಹಿರಿಯೂರಿನ ಒಂದು ಸುದ್ದಿಯಿಂದ ಪರೀಕ್ಷಿಸೋಣ.

ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ೧೮೯೮ರಲ್ಲಿ ಕಟ್ಟಲಾರಂಭಿಸಿ ೧೯೦೭ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವನ್ನು ನಮ್ಮಲ್ಲಿ ಅರಿಯದವರಾರು? ರಾಜಪ್ರತಿನಿಧಿಯಾಗಿ ಮೈಸೂರನ್ನು ಆಳಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ನಿಂತಿರುವುದು. ಅದು ೧೯೩೩ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಆಮೇಲೆ ೮೯ ವರ್ಷಗಳ ಕಾಲ ಬೀಳಲಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಮತ್ತೆ ಬಿದ್ದಿತು. ೨೦೨೫ರ ಜನವರಿಯಲ್ಲಿ ಇನ್ನೊಮ್ಮೆ. ಮಳೆಗಾಲದಲ್ಲಿ ಪತ್ರಿಕೆಯನ್ನು ಬಿಡಿಸಿದರೆ, ಜಲಾಶಯದ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್ಸ್ ಎಂದು ಎರಡು ಸಾಲು ಇರುವುದು. ಓದಿದವರು ಸಂತೋಷಪಟ್ಟು ಹಾಳೆಯನ್ನು ತಿರುವುವರು. ಆ ಎರಡು ಸಾಲಿನ ಅರ್ಥವೇನು?

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ ೮೬,೪೦೦ ಸೆಕೆಂಡುಗಳು. ಟಿ. ಎಂ. ಸಿ. ಎಂದರೆ ನೂರು ಕೋಟಿ ಘನ ಅಡಿ. ಒಳಹರಿವು ೭೦೦ ಕ್ಯೂಸೆಕ್ಸ್ ಎಂದಿಟ್ಟುಕೊಳ್ಳೋಣ. ಒಂದು ಟಿ. ಎಂ. ಸಿ. ಸೇರುವುದಕ್ಕೆ ಹದಿನಾರೂವರೆ ದಿವಸಗಳು ಬೇಕು. ಸುಮಾರು ೩೦ ಟಿ. ಎಂ. ಸಿ. ಹಿಡಿಯುವ ಈ ಜಲಾಶಯವು ಬರಿದಾಗಿದ್ದರೆ, ಆ ಹರಿವಿನಲ್ಲಿ ತುಂಬಲು ಒಂದು ವರ್ಷ ನಾಲ್ಕು ತಿಂಗಳಿಗೂ ಮಿಗಿಲಾದ ಕಾಲ ಹಿಡಿಯುವುದು. ಅದೂ ಬಿಸಿಲಿಗೆ ಆರಿಹೋಗುವುದನ್ನೂ ನಾಲೆಗೆ ಬಿಡುವುದನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ. ಮತ್ತೊಂದು ವಿಷಯ. ಜಲಾಶಯವು ತಟ್ಟೆಯಂತೆ ತಳದಲ್ಲಿ ಕಿರಿದು, ಮೇಲೆ ಅಗಲ. ತಳದ ಒಂದು ಅಡಿಯಲ್ಲಿರುವ ನೀರೂ ನೂರಿಪ್ಪತ್ತೊಂಬತ್ತನೆಯ ಅಡಿಯಿಂದ ನೂರಮೂವತ್ತನೆಯ ಅಡಿಯವರೆಗೆ ಇರುವ ನೀರೂ ಒಂದೇ ಸಮವಲ್ಲ. ಆದುದರಿಂದ ಪೂರ್ಣಮಟ್ಟವಾದ ೧೩೦ ಅಡಿಯಲ್ಲಿ ೬೫ ಅಡಿ ನೀರಿದೆಯೆಂದರೆ ಜಲಾಶಯವು ಅರ್ಧ ತುಂಬಿದೆಯೆಂದು ತಿಳಿದವನು ಮೋಸಹೋಗುವನು. ಬೇಸಗೆಗೆ ಯಾವ ಬೆಳೆಯಿಡಬೇಕೆಂದು ಯೋಚಿಸುವ ರೈತನಿಗೂ, ನಲ್ಲಿಯ ನೀರನ್ನು ಎದುರುನೋಡುವ ಚಿತ್ರದುರ್ಗದ ಗೃಹಿಣಿಗೂ ಇದು ಅಂಕಗಣಿತದ ವಿನೋದವಲ್ಲ. ಇಷ್ಟನ್ನು ಮಾಡಲು ಹೈಸ್ಕೂಲಿನ ಲೆಕ್ಕವೇ ಸಾಕೆಂಬುದು ನಿಜ. ಮಾಡಬೇಕೆಂದು ತೋಚುವುದಕ್ಕೆ ಮಾತ್ರ ತರಬೇತು ಬೇಕು.

ಇನ್ನು ಕೋಡಿ ಬಿದ್ದ ದಿನದ ಸುದ್ದಿ. ೨೦೨೨ರಲ್ಲಿ ಹಿರಿಯೂರಿನ ಕಡೆ ಸಂಭ್ರಮವೋ ಸಂಭ್ರಮ. ಜನರು ತಂಡತಂಡವಾಗಿ ಹೋಗಿ ನೋಡಿ ಬಂದರು. ಅದೇ ದಿನಗಳಲ್ಲಿ ಹಿನ್ನೀರಿನ ಹೊಸದುರ್ಗ ತಾಲ್ಲೂಕಿನಲ್ಲಿ ತೋಟ ಹೊಲಗಳಿಗೆ ನೀರು ನುಗ್ಗಿ ನಿಂತಿತು. ಒಂದೇ ನೀರು, ಒಂದೇ ಜಿಲ್ಲೆ; ಒಂದು ತಾಲ್ಲೂಕಿಗೆ ಹಬ್ಬ, ಮತ್ತೊಂದಕ್ಕೆ ನಷ್ಟ. ಕೋಡಿಯ ಬಳಿ ನಿಂತು ಬರೆದವನಿಗೆ ಹಬ್ಬವಷ್ಟೇ ಕಾಣುವುದು. ಜಲಾಶಯದ ನಕ್ಷೆಯನ್ನು ಮುಂದಿಟ್ಟುಕೊಂಡು, ನೀರು ಇಷ್ಟು ಎತ್ತರಕ್ಕೆ ಬಂದರೆ ಎಲ್ಲಿಯವರೆಗೆ ಚಾಚುವುದೆಂದು ನೋಡಿ, ಹಿನ್ನೀರಿನ ಹಳ್ಳಿಗೂ ಹೋಗಿ ಬರುವ ಬರಹಗಾರ್ತಿಗೆ ಎರಡೂ ಕಾಣುವುವು. ಯಾರ ಜಮೀನು ಹಿಂದೆಯೇ ಸ್ವಾಧೀನವಾಗಿತ್ತು, ಪರಿಹಾರ ಸಂದಿತ್ತೇ, ಮುಳುಗಡೆಯ ಗಡಿಯನ್ನು ಯಾವ ದಾಖಲೆಯಲ್ಲಿ ಗುರುತಿಸಿದೆ ಎಂದು ಕೇಳುವುದನ್ನು ಕಲಿಸುವುದೇ ನಾವು ಹೇಳುತ್ತಿರುವ ವ್ಯಾಸಂಗ.

ಸರ್ಕಾರದ ಹಣದ ಸುದ್ದಿಯಲ್ಲಿ ಈ ತರಬೇತಿನ ಅವಶ್ಯಕತೆಯು ಮತ್ತಷ್ಟು ಹೆಚ್ಚು. ಭದ್ರಾ ಮೇಲ್ದಂಡೆ ಯೋಜನೆಯು ನಮ್ಮ ಜಿಲ್ಲೆಯೇ ಮೊದಲಾದ ಬರಪೀಡಿತ ಪ್ರದೇಶದ ೨,೨೫,೫೧೫ ಹೆಕ್ಟೇರ್ ಭೂಮಿಗೆ ನೀರುಣಿಸುವ ಗುರಿಯುಳ್ಳದ್ದು. ೨೦೨೩ರ ಫೆಬ್ರವರಿ ೧ರಂದು ಕೇಂದ್ರದ ಅರ್ಥಸಚಿವರು ಆಯವ್ಯಯ ಭಾಷಣದಲ್ಲಿ ಇದಕ್ಕೆ ೫,೩೦೦ ಕೋಟಿ ರೂಪಾಯಿಗಳ ನೆರವನ್ನು ಘೋಷಿಸಿದರು. ಆ ಹಣವು ಕೈಸೇರಲಿಲ್ಲವೆಂದು ರಾಜ್ಯಕ್ಕೂ ಕೇಂದ್ರಕ್ಕೂ ಮುಂದಿನ ವರ್ಷಗಳಲ್ಲಿ ವಾಗ್ವಾದ ನಡೆಯಿತು. ಇಲ್ಲಿ ನಾಲ್ಕು ಮಾತುಗಳನ್ನು ಬೇರೆಬೇರೆಯಾಗಿ ತಿಳಿಯತಕ್ಕದ್ದು: ಘೋಷಣೆ, ಮಂಜೂರಾತಿ, ಬಿಡುಗಡೆ, ವೆಚ್ಚ. ಸಚಿವರು ಬಾಯಲ್ಲಿ ಹೇಳಿದುದು ಘೋಷಣೆ. ಅಧಿಕಾರವುಳ್ಳವರು ಒಪ್ಪಿ ಆಜ್ಞೆ ಹೊರಡಿಸಿದುದು ಮಂಜೂರಾತಿ. ಖಜಾನೆಯಿಂದ ಹೊರಟುದು ಬಿಡುಗಡೆ. ಕಾಲುವೆ ಅಗೆದವನಿಗೆ ಸಂದುದು ವೆಚ್ಚ. ಮೊದಲನೆಯದಕ್ಕೂ ಕಡೆಯದಕ್ಕೂ ನಡುವೆ ಎಷ್ಟೋ ವರ್ಷಗಳು ಕಳೆಯಬಹುದು. ಈ ನಾಲ್ಕನ್ನೂ ಒಂದೇ ಎಂದು ಬಗೆದು 'ಹಣ ಬಂತು' ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕುವ ಪತ್ರಿಕೆಯು ಸುಳ್ಳು ಹೇಳಬೇಕೆಂಬ ಮನಸ್ಸಿಲ್ಲದೆಯೇ ಸುಳ್ಳು ಹೇಳಿದಂತಾಗುವುದು.

ಹೊಳಲ್ಕೆರೆ ಚಿತ್ರದುರ್ಗ ತಾಲ್ಲೂಕುಗಳ ಕಬ್ಬಿಣದ ಅದಿರಿನ ಗಣಿಗಳದೂ ಇಂತಹುದೇ ವಿಚಾರ. ೨೦೧೧ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದು, ಆಗಸ್ಟ್ ತಿಂಗಳಲ್ಲಿ ಚಿತ್ರದುರ್ಗ ತುಮಕೂರುಗಳಿಗೂ ಆ ತಡೆಯನ್ನು ವಿಸ್ತರಿಸಿತು. ಬಳಿಕ ೨೦೧೫ರ ಕಾನೂನಿನ ತಿದ್ದುಪಡಿಯ ಮೇರೆಗೆ ಗಣಿಯಿರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಏರ್ಪಟ್ಟವು. ಗಣಿಯ ಧೂಳನ್ನು ಉಸಿರಾಡುವ ಹಳ್ಳಿಗಳ ಒಳಿತಿಗೆಂದೇ ಆ ಹಣವು ಇರತಕ್ಕದ್ದು. ಅದು ಯಾವ ಹಳ್ಳಿಯ ಶಾಲೆಗೆ, ಯಾವ ಆಸ್ಪತ್ರೆಗೆ ಹೋಯಿತೆಂಬುದನ್ನು ಲೆಕ್ಕದ ಪುಸ್ತಕದಿಂದ ತೆಗೆದು ಹಳ್ಳಿಯವರ ಮುಂದಿಡುವವರು ಬೇಕಾಗಿರುವರು.

೨೦೨೩ರಲ್ಲಿ ಚಿತ್ರದುರ್ಗದ ಕವಾಡಿಗರ ಹಟ್ಟಿಯಲ್ಲಿ ಕಲುಷಿತವಾದ ನೀರನ್ನು ಕುಡಿದು ಅನೇಕರು ಹಾಸಿಗೆ ಹಿಡಿದು, ಕೆಲವರು ಪ್ರಾಣವನ್ನೇ ಕಳೆದುಕೊಂಡುದನ್ನು ನಾವು ಮರೆಯಲಾಗದು. ಅಂತಹ ಸಮಯದಲ್ಲಿ ಊರಿನಲ್ಲಿ ನೂರು ಮಾತು ಹುಟ್ಟುವುವು. ಯಾರೋ ವಿಷ ಬೆರೆಸಿದರೆಂಬ ವದಂತಿಗೆ ರೆಕ್ಕೆ ಬರಲು ಒಂದು ಗಳಿಗೆ ಸಾಕು. ಈಗ ಪ್ರತಿಯೊಬ್ಬರ ಕೈಯಲ್ಲೂ ಫೋನಿರುವುದರಿಂದ ಆ ಗಳಿಗೆಯೂ ಬೇಡವಾಗಿದೆ. ನೀರಿನ ಮಾದರಿಯನ್ನು ಎಲ್ಲಿಂದ, ಯಾವ ದಿನ ತೆಗೆದರು, ಪ್ರಯೋಗಶಾಲೆಯ ವರದಿಯಲ್ಲಿ ಏನಿದೆ, ವೈದ್ಯಾಧಿಕಾರಿಗಳು ಏನು ಬರೆದಿರುವರು ಎಂದು ಸಾವಧಾನದಿಂದ ವಿಚಾರಿಸಿ ಬರೆಯುವ ಒಬ್ಬಳು ಊರಿನಲ್ಲಿದ್ದರೆ, ಶೋಕದ ಮೇಲೆ ಜಗಳವೂ ಸೇರುವುದು ತಪ್ಪೀತು.

ಸಾಮಾನ್ಯವಾಗಿ ಎಂ. ಎ. ವ್ಯಾಸಂಗಕ್ಕೆ ಎರಡು ವರ್ಷ, ಅಂದರೆ ನಾಲ್ಕು ಸೆಮಿಸ್ಟರುಗಳು. ವರದಿಗಾರಿಕೆ, ಸಂಪಾದನೆ, ಪತ್ರಿಕಾಚರಿತ್ರೆ, ಆಕಾಶವಾಣಿ ಮತ್ತು ದೂರದರ್ಶನದ ಬರವಣಿಗೆ, ಜಾಹೀರಾತು, ಛಾಯಾಗ್ರಹಣ, ಸಂಶೋಧನಾಕ್ರಮ, ಈಚಿನ ಅಂತರಜಾಲ ಪತ್ರಿಕೆಗಳು, ಇವೆಲ್ಲ ಸೇರಿರುವುವು. ವಿದ್ಯಾರ್ಥಿಗಳೇ ಸೇರಿ ಅಭ್ಯಾಸಕ್ಕಾಗಿ ಒಂದು ಪತ್ರಿಕೆಯನ್ನು ಹೊರಡಿಸುವರು. ಕೆಲವು ವಾರ ಯಾವುದಾದರೂ ಪತ್ರಿಕಾಲಯದಲ್ಲಿ ದುಡಿದು ಬರುವರು. ಕಡೆಯಲ್ಲಿ ಒಂದು ಪ್ರಬಂಧವನ್ನು ಬರೆಯುವರು. ಇವುಗಳಲ್ಲಿ ನಮ್ಮ ಎಣಿಕೆಗೆ ಅತಿ ಮುಖ್ಯವಾದುದು ಕಾನೂನಿನ ಪಾಠ. ಮಾನಹಾನಿಯೆಂದರೇನು, ೨೦೨೪ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೫೬ನೆಯ ಕಲಮು ಏನು ಹೇಳುವುದು, ೧೯೭೧ರ ನ್ಯಾಯಾಲಯ ನಿಂದನೆಯ ಕಾಯಿದೆಯ ಎಲ್ಲೆ ಯಾವುದು ಎಂಬುದನ್ನು ತಿಳಿಯದೆ ಲೇಖನಿಯನ್ನು ಹಿಡಿಯುವುದು ದೀಪವಿಲ್ಲದೆ ಬಾವಿಯ ಕಟ್ಟೆಯ ಮೇಲೆ ನಡೆದಂತೆ. ದೌರ್ಜನ್ಯಕ್ಕೆ ಒಳಗಾದ ಬಾಲಕಿಯ ಹೆಸರು, ವಿಳಾಸ, ಶಾಲೆ, ಚಿತ್ರ ಮುಂತಾಗಿ ಗುರುತು ಹತ್ತುವ ಯಾವುದನ್ನೂ ಪ್ರಕಟಿಸಕೂಡದೆಂದು ೨೦೧೨ರ ಪೋಕ್ಸೋ ಕಾಯಿದೆಯ ೨೩ನೆಯ ಕಲಮು ವಿಧಿಸುವುದು. ಒಬ್ಬ ಮಗುವಿನ ಮುಂದಿನ ಬಾಳು ಈ ಒಂದು ನಿಯಮದ ಮೇಲೆ ನಿಂತಿದೆಯೆಂಬುದನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯನ್ನು ಬಳಸುವ ಕ್ರಮವನ್ನೂ ಅಲ್ಲಿ ಕಲಿಯಬಹುದು. ಹತ್ತು ರೂಪಾಯಿ ಶುಲ್ಕವನ್ನು ಕಟ್ಟಿ ಅರ್ಜಿ ಕೊಟ್ಟರೆ ಮೂವತ್ತು ದಿನಗಳೊಳಗೆ ಉತ್ತರ ಕೊಡತಕ್ಕದ್ದು; ಪ್ರಾಣಕ್ಕೂ ಸ್ವಾತಂತ್ರ್ಯಕ್ಕೂ ಸಂಬಂಧಿಸಿದುದಾದರೆ ನಲವತ್ತೆಂಟು ಗಂಟೆಗಳೊಳಗೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವನ್ನು, ಅದೂ ನೂರೈವತ್ತು ಪದಗಳೊಳಗೆ, ಕೇಳಬೇಕು. ನೂರೈವತ್ತು ಪದಗಳಲ್ಲಿ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯನ್ನು ಕೇಳುವುದು ಸುಲಭವೆಂದು ಭಾವಿಸಿದವರು ಒಮ್ಮೆ ಬರೆದು ನೋಡಲಿ.

ಹೆಂಗಸರಿಗೆ ಈ ವೃತ್ತಿಯು ಒಗ್ಗುವುದೇ ಎಂಬ ಶಂಕೆಗೆ ನಮ್ಮ ನಾಡೇ ನೂರು ವರ್ಷಗಳ ಹಿಂದೆ ಉತ್ತರ ಕೊಟ್ಟಿದೆ. ಬಾಲ್ಯದಲ್ಲೇ ವೈಧವ್ಯವನ್ನು ಕಂಡ ನಂಜನಗೂಡಿನ ತಿರುಮಲಾಂಬಾ ಅವರು ೧೯೧೭ರಲ್ಲಿ 'ಕರ್ನಾಟಕ ನಂದಿನಿ'ಯನ್ನು ಹೊರಡಿಸಿದರು. ಅವರಂತೆಯೇ ಬಾಲವಿಧವೆಯಾದ ಆರ್. ಕಲ್ಯಾಣಮ್ಮನವರು ೧೯೨೧ರಲ್ಲಿ 'ಸರಸ್ವತಿ'ಯನ್ನು ಪ್ರಾರಂಭಿಸಿ ನಾಲ್ಕು ದಶಕಗಳ ಕಾಲ ನಡೆಯಿಸಿದರು. ಅವರಿಗೆ ಕಾಲೇಜೂ ಇರಲಿಲ್ಲ, ಸ್ಕಾಲರ್‌ಷಿಪ್ಪೂ ಇರಲಿಲ್ಲ. ಉತ್ತರ ಭಾರತದ ಬುಂದೇಲಖಂಡದಲ್ಲಿ ೨೦೦೨ರಲ್ಲಿ ಹಳ್ಳಿಯ ಹೆಂಗಸರೇ ಸೇರಿ 'ಖಬರ್ ಲಹರಿಯಾ' ಎಂಬ ಪತ್ರಿಕೆಯನ್ನು ತೊಡಗಿದರು. ಅವರ ಕೆಲಸವನ್ನು ಕುರಿತ ಚಲನಚಿತ್ರವು ೨೦೨೨ರಲ್ಲಿ ಆಸ್ಕರ್ ಪ್ರಶಸ್ತಿಯ ಕಡೆಯ ಸುತ್ತಿನವರೆಗೆ ಹೋಯಿತು. ಬರಗಾಲದ ಸೀಮೆಯನ್ನು ಕುರಿತು ಬರೆಯುವುದು ಹೇಗೆಂದು ನೋಡಬಯಸುವವರು ಪಿ. ಸಾಯಿನಾಥರ ಪುಸ್ತಕವನ್ನು ಓದಬೇಕು, ಜಿ. ಎನ್. ಮೋಹನರು ಅದನ್ನು 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂದು ಕನ್ನಡಿಸಿರುವರು. ಸ್ವತಂತ್ರವಾದ ಪತ್ರಿಕೆಗಳಿರುವ ಪ್ರಜಾಪ್ರಭುತ್ವದಲ್ಲಿ ದೊಡ್ಡ ಕ್ಷಾಮವು ತಲೆಯೆತ್ತಲಾರದೆಂಬುದು ಅಮರ್ತ್ಯ ಸೇನರ ಅಭಿಪ್ರಾಯ. ೧೮೭೬ರಿಂದ ೭೮ರವರೆಗಿನ ಕ್ಷಾಮದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದರೆಂಬುದನ್ನು ನೆನೆದರೆ, ಈ ಮಾತು ಬರದ ಸೀಮೆಯವರಾದ ನಮಗೆ ಹೆಚ್ಚಾಗಿ ನಾಟುವುದು.

ತಂದೆತಾಯಿಗಳ ಎದುರಿನಲ್ಲಿ ಮರೆಮಾಚದೆ ಹೇಳಬೇಕಾದ ಮಾತುಗಳೂ ಉಂಟು. ವಕೀಲಿ ವೃತ್ತಿಗೆ ಕಾನೂನಿನ ಪದವಿ ಬೇಕಾದಂತೆ ಪತ್ರಿಕಾವೃತ್ತಿಗೆ ಪದವಿಯು ಕಡ್ಡಾಯವಲ್ಲ. ನಮ್ಮ ಸೀಮೆಯ ತ. ರಾ. ಸುಬ್ಬರಾಯರು ಯಾವ ಪತ್ರಿಕಾ ಪದವಿಯೂ ಇಲ್ಲದೆಯೇ ಪತ್ರಿಕಾಲಯಗಳಲ್ಲಿ ದುಡಿದರು. ತಾಲ್ಲೂಕು ಮಟ್ಟದ ಬಾತ್ಮೀದಾರರ ಸಂಭಾವನೆಯು ಬಹಳ ಸ್ವಲ್ಪ. ಅದರಿಂದಲೇ ಸಂಸಾರ ಸಾಗುವುದೆಂದು ಆಶೆ ಹುಟ್ಟಿಸುವುದು ಅನ್ಯಾಯ. ಆದರೆ ಈ ಪದವಿಯವರಿಗೆ ಪತ್ರಿಕಾಲಯವೊಂದೇ ಬಾಗಿಲಲ್ಲ. ವಾರ್ತಾ ಇಲಾಖೆ, ಆಕಾಶವಾಣಿ, ಕಾಲೇಜಿನ ಅಧ್ಯಾಪನ, ಪ್ರಕಾಶನ, ಸೇವಾಸಂಸ್ಥೆಗಳ ಪ್ರಚಾರಕಾರ್ಯ ಇವೂ ತೆರೆದಿರುವುವು. ರಾತ್ರಿಯ ಪಾಳಿ, ಒಂಟಿ ಪ್ರಯಾಣ, ಬೆದರಿಕೆ ಇವೆಲ್ಲ ಇಲ್ಲವೆನ್ನಲಾಗದು. ೨೦೧೭ರ ಸೆಪ್ಟೆಂಬರ್ ೫ರಂದು ಬೆಂಗಳೂರಿನ ತಮ್ಮ ಮನೆಯ ಮುಂದೆಯೇ ಗೌರಿ ಲಂಕೇಶರು ಗುಂಡಿಗೆ ಬಲಿಯಾದುದನ್ನು ಬಲ್ಲ ತಾಯಿಯ ಭಯವನ್ನು ಹಗುರವಾಗಿ ಕಾಣಬಾರದು. ಹತ್ತು ಮಂದಿಗೆ ಕಡಿಮೆಯಿಲ್ಲದೆ ದುಡಿಯುವ ಪತ್ರಿಕಾಲಯದಲ್ಲಿ, ಬೇರೆ ಕಚೇರಿಗಳಲ್ಲಿರುವಂತೆಯೇ, ೨೦೧೩ರ ಕಾಯಿದೆಯ ಪ್ರಕಾರ ಹೆಂಗಸರ ದೂರನ್ನು ವಿಚಾರಿಸುವ ಸಮಿತಿಯಿರಲೇಬೇಕು. ಕೆಲಸಕ್ಕೆ ಸೇರುವ ಮೊದಲೇ ಆ ಸಮಿತಿಯ ಸದಸ್ಯರು ಯಾರೆಂದು ಕೇಳುವುದರಲ್ಲಿ ಸಂಕೋಚವೇಕೆ?

ಓದಲು ದೂರ ಹೋಗಲೇಬೇಕೆಂಬುದಿಲ್ಲ. ದಾವಣಗೆರೆ ವಿಶ್ವವಿದ್ಯಾನಿಲಯವು ೨೦೦೯ರಲ್ಲಿ ಏರ್ಪಟ್ಟು ನಮ್ಮ ಜಿಲ್ಲೆಯನ್ನೂ ಒಳಗೊಂಡಿದೆ. ಅಲ್ಲಿ ಈ ವಿದ್ಯೆಯ ವಿಭಾಗವಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ, ತುಮಕೂರು, ಮೈಸೂರು, ಬೆಂಗಳೂರುಗಳಲ್ಲಿಯೂ ಉಂಟು. ಹೆಣ್ಣುಮಕ್ಕಳಿಗೇ ಮೀಸಲಾದ ವಿಜಯಪುರದ ಮಹಿಳಾ ವಿಶ್ವವಿದ್ಯಾನಿಲಯವು ೨೦೦೩ರಲ್ಲಿ ಸ್ಥಾಪಿತವಾಯಿತು. ಅಲ್ಲಿಯೂ ಇದನ್ನು ಕಲಿಸುವರು. ಕೆಲವೆಡೆ ಈ ಪದವಿಗೆ ಬಹುಕಾಲ ಎಂ. ಸಿ. ಜೆ. ಎಂಬ ಹೆಸರಿದ್ದಿತು, ಹೆಸರನ್ನು ಕಂಡು ಬೇರೆಯೆಂದು ತಿಳಿಯಬಾರದು. ದೆಹಲಿಯಲ್ಲಿ ೧೯೬೫ರಲ್ಲಿ ಸ್ಥಾಪನೆಯಾದ ಭಾರತೀಯ ಜನಸಂಚಾರ ಸಂಸ್ಥೆಯು ೨೦೨೪ರಲ್ಲಿ ವಿಶ್ವವಿದ್ಯಾನಿಲಯದ ಮನ್ನಣೆಯನ್ನು ಪಡೆಯಿತು. ಇಂಗ್ಲೀಷಿನಲ್ಲಿ ಧೈರ್ಯವಿರುವವರು ಅದನ್ನೂ ಪ್ರಯತ್ನಿಸಬಹುದು. ಬಿ. ಎ. ತರಗತಿಯಲ್ಲಿ ಪತ್ರಿಕೋದ್ಯಮವನ್ನು ಐಚ್ಛಿಕವಾಗಿ ಓದಿದ್ದರೆ ಅನುಕೂಲ. ಇಲ್ಲದಿದ್ದರೂ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಅಥವಾ ವಿಜ್ಞಾನವನ್ನು ಚೆನ್ನಾಗಿ ಓದಿ ಬಂದವಳು ಈ ವ್ಯಾಸಂಗಕ್ಕೆ ಒಳ್ಳೆಯ ಸರಕನ್ನು ಹೊತ್ತು ತಂದಂತೆಯೇ. ಹಾಗೆ ಬಂದವಳೇ ಲೇಸೆಂದು ನಮ್ಮ ಮತ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳು ಹುಡುಗಿಯರ ವಿದ್ಯಾರ್ಥಿನಿಲಯಗಳನ್ನು ನಡೆಸುವುವು. ಪ್ರವೇಶದ ಅರ್ಜಿಯ ಜತೆಯಲ್ಲಿಯೇ ಅವಕ್ಕೂ ಅರ್ಜಿ ಹಾಕಬೇಕು, ತಡಮಾಡಿದರೆ ಸ್ಥಳ ಸಿಕ್ಕದು.

ಅಷ್ಟು ದೂರದ ಮಾತು ಈಗೇಕೆ ಎನ್ನುವ ಒಂಬತ್ತನೆಯ ತರಗತಿಯ ಸೋದರಿಗೂ ಮಾಡುವ ಕೆಲಸವಿದೆ. ದಿನವೂ ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿ, ಎಲ್ಲಿ ಅಂಕಿಗಳು ಬೇರೆಯಾಗಿವೆಯೆಂದು ಒಂದು ನೋಟುಪುಸ್ತಕದಲ್ಲಿ ಗುರುತುಹಾಕಬಹುದು. ಗ್ರಾಮ ಪಂಚಾಯಿತಿಯು ವರ್ಷಕ್ಕೊಮ್ಮೆ ಜಮಾಬಂದಿಯೆಂದು ಲೆಕ್ಕಪತ್ರಗಳನ್ನು ಜನರ ಮುಂದೆ ಓದಿಸುವುದು. ಮಕ್ಕಳಿಗಾಗಿಯೇ ಮಕ್ಕಳ ಗ್ರಾಮಸಭೆಯನ್ನೂ ಕರೆಯುವುದು. ಅಲ್ಲಿಗೆ ಹೋಗಿ, ನಮ್ಮ ಶಾಲೆಗೆ ಹೋಗುವ ದಾರಿಯ ದೀಪಕ್ಕೆಂದು ಎಷ್ಟು ಹಣ ಬರೆದಿದ್ದಾರೆ, ಆ ದೀಪ ಉರಿಯುತ್ತಿದೆಯೇ ಎಂದು ಕೇಳಿ, ಬಂದ ಉತ್ತರವನ್ನು ದಿನಾಂಕ ಸಹಿತ ಬರೆದಿಡಲಿ.